ಮಂಗೋರ್ ಹಿಲ್‌ನ ಮನೆಗೆ ಚಂದನ ಮತ್ತೆ ಬಂದ ಸಂಜೆ

ವಾಸ್ಕೋದ ಮಂಗೋರ್ ಹಿಲ್‌ನಲ್ಲಿ ಯಾವ ಓಣಿ ಹಿಡಿದು ಹೋದರೂ ಒಂದಲ್ಲ ಒಂದು ಮನೆಯಿಂದ ಕನ್ನಡ ಕಿವಿಗೆ ಬೀಳುತ್ತದೆ. ಗದಗ, ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆಯಿಂದ ಬಂದರಿನ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬಂದವರು ಇಲ್ಲಿಯೇ ಬೇರುಬಿಟ್ಟಿದ್ದಾರೆ. ನಾನು ಕಾರವಾರದವಳು. ಇಲ್ಲಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಪಕ್ಕದ ಮನೆಯ ಕಾಕಾ ರೋಣದ ಕಡೆಯವರು, ಮುರಗಾಂವ್ ಬಂದರಿನಲ್ಲಿ ದುಡಿದು ನಿವೃತ್ತರಾದವರು. ಮಗ ಪುಣೆಯಲ್ಲಿ, ಮಗಳು ಹುಬ್ಬಳ್ಳಿಯಲ್ಲಿ. ಮನೆಯಲ್ಲಿ ಕಾಕಾ, ಕಾಕು ಇಬ್ಬರೇ. ರಾತ್ರಿ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಬಂತೆಂದರೆ ಅವರ ಮನೆಯ ಬಾಗಿಲು ಬಡಿಯಲು ನನಗೆ ಮನಸ್ಸಾಗುವುದಿಲ್ಲ. ಸ್ಪರ್ಧಿಗಳಿಗಿಂತ ಮೊದಲೇ ಉತ್ತರ ಹೇಳುವ ಕಾಕಾರ ಗಟ್ಟಿ ಧ್ವನಿ ನಮ್ಮ ಅಡುಗೆಮನೆಗೇ ಕೇಳುತ್ತದೆ.

ಮೊದಲು ಅವರ ಮನೆಯಲ್ಲಿ ಡಿಡಿ ಫ್ರೀ ಡಿಶ್ ಇತ್ತು. 2004ರಲ್ಲಿ ಶುರುವಾದ, ತಿಂಗಳ ಬಾಡಿಗೆಯೇ ಇಲ್ಲದ ಪ್ರಸಾರ ಭಾರತಿಯ ಸೇವೆ ಅದು. ಒಮ್ಮೆ ಛತ್ರಿ ಕೂರಿಸಿದರೆ ಮುಗಿಯಿತು. ಅದರ ವಾಹಿನಿಗಳನ್ನು ಕೆಳಗೆ ಕಳಿಸುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಅಂದರೆ ಗೋವಾದಲ್ಲಿ ಛತ್ರಿ ಆಗ್ನೇಯಕ್ಕೆ ಮುಖ ಮಾಡಬೇಕು. ಕಾಕಾರ ಮನೆಯ ಆಗ್ನೇಯಕ್ಕೇ ಹೊಸ ಬಿಲ್ಡಿಂಗ್ ಎದ್ದಿತು. ಅದಕ್ಕೂ ಮೊದಲೇ ಮಳೆಗಾಲದ ತೊಂದರೆ ಇದ್ದೇ ಇತ್ತು. ಆ ಉಪಗ್ರಹ ಬಳಸುವ ಕೆಯು-ಬ್ಯಾಂಡ್ ಅಲೆಗಳನ್ನು ಜೋರು ಮಳೆ ಹೀರಿಬಿಡುತ್ತದೆ, ನಮ್ಮಲ್ಲಿಯ ಜೂನ್-ಜುಲೈ ಮಳೆಯ ಬಗ್ಗೆ ಹೇಳಬೇಕಾದ್ದೇ ಇಲ್ಲ. ಕೊನೆಗೆ ಮಗ ಬಂದಾಗ ವೈಫೈ ಹಾಕಿಸಿ, ಟಿವಿಯ ಹಿಂದೆ ಒಂದು ಸಣ್ಣ ಆಂಡ್ರಾಯ್ಡ್ ಡಬ್ಬಿ ಜೋಡಿಸಿ ಹೋದ. ಪ್ರಸಾರ ಭಾರತಿಯ ‘ವೇವ್ಸ್’ ಆ್ಯಪ್ ಹಾಕಿಕೊಟ್ಟವಳು ನಾನೇ. 2024ರ ನವೆಂಬರ್ 20ರಂದು ಇದೇ ಗೋವಾದಲ್ಲಿ, ಇಫ್ಫಿ ಚಿತ್ರೋತ್ಸವದ ಉದ್ಘಾಟನೆಯ ದಿನ ಅದು ಬಿಡುಗಡೆಯಾಯಿತು. ಚಂದನವೂ ಸೇರಿ ದೂರದರ್ಶನದ ವಾಹಿನಿಗಳು ಅದರಲ್ಲಿ ನೇರವಾಗಿ ಬರುತ್ತವೆ. ಯೂಟ್ಯೂಬ್‌ನಲ್ಲಿ ಕನ್ನಡದ ಸುದ್ದಿ ವಾಹಿನಿಗಳು ಹೇಗೂ ಪುಕ್ಕಟೆ. ತಿಂಗಳುಗಟ್ಟಲೆ ಎಲ್ಲ ಚೆನ್ನಾಗಿಯೇ ನಡೆಯಿತು.

ಜುಲೈನಲ್ಲಿ ಒಂದು ಸಂಜೆ ಶಾಲೆಯಿಂದ ಬರುವಾಗ ಕಾಕಾ ಕಟ್ಟೆಯ ಮೇಲೆ ಕೂತಿದ್ದರು.

“ತಂಗೀ, ಮೊನ್ನಿಂದ ಟಿವಿ ಬರಾವಲ್ದು ನೋಡವಾ. ಮೊಬೈಲ್‌ನ್ಯಾಗ ಎಲ್ಲಾ ಬರ್ತೈತಿ, ಇದರಾಗ ಒಂದೂ ಬರಾವಲ್ದು.”

ಅಂಗಡಿಯವನನ್ನು ಆಗಲೇ ಕರೆಸಿದ್ದರಂತೆ. ಅವನು ರಿಮೋಟ್ ಹಿಡಿದು ಒಂದೆರಡು ಕಡೆ ಒತ್ತಿ, “ಡಬ್ಬಿ ಸತ್ತೈತಿ, ಹೊಸಾದು ತಗೋರಿ” ಎಂದು ಹೇಳಿ ಹೋಗಿದ್ದ. ಹೊಸದಕ್ಕೆ ಅವನು ಹೇಳಿದ ಬೆಲೆ ಕೇಳಿ ಕಾಕು, “ಪೆನ್ಷನ್ ಬಂದ ಮ್ಯಾಲೆ ನೋಡೂಣ ಬಿಡ್ರಿ” ಎಂದು ಸುಮ್ಮನಾಗಿದ್ದರು. ಆ ಮಾತು ನನ್ನನ್ನು ಕಟ್ಟೆಯಿಂದ ಒಳಗೆ ಎಳೆದುಕೊಂಡು ಹೋಯಿತು. ಪುಕ್ಕಟೆ ಸಿಗುವ ವಾಹಿನಿ ನೋಡಲು ಪೆನ್ಷನ್ ದುಡ್ಡು ಯಾಕೆ ಸುರಿಯಬೇಕು?

ಟಿವಿ ಹಚ್ಚಿದೆ. ಯಾವ ಆ್ಯಪ್ ಒತ್ತಿದರೂ ಚಕ್ರ ತಿರುಗುತ್ತದೆ, ಆಮೇಲೆ ಇಂಗ್ಲಿಷಿನಲ್ಲಿ ‘ನೆಟ್‌ವರ್ಕ್ ದೋಷ, ನಿಮ್ಮ ಸಂಪರ್ಕ ಪರೀಕ್ಷಿಸಿ’ ಎಂಬ ಸಾಲು. ವೈಫೈ ಗುರುತಿನ ಮೇಲೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಡಬ್ಬಿ ರೂಟರ್‌ಗೆ ಸೇರಿಕೊಂಡಿದೆ, ಆದರೆ ಅಲ್ಲಿಂದ ಆಚೆ ಇಂಟರ್ನೆಟ್ ಇಲ್ಲ ಎಂದು ಅದರ ತಕರಾರು. ಅದೇ ವೈಫೈಯಲ್ಲಿ ಕಾಕುವಿನ ಮೊಬೈಲ್‌ನಲ್ಲಿ ಚಂದನ ಸಲೀಸಾಗಿ ಬರುತ್ತಿತ್ತು. ರೂಟರ್‌ನ ಕೆಂಪು ದೀಪ ಹತ್ತಿರಲಿಲ್ಲ, ಎಲ್ಲ ಹಸಿರು.

ಇಂಥ ಹೊತ್ತಿನಲ್ಲಿ ಜನ ಮೊದಲು ಮಾಡುವುದೇ ‘ಫ್ಯಾಕ್ಟರಿ ರೀಸೆಟ್’. ನನಗೆ ಅದು ಸರಿಕಾಣುವುದಿಲ್ಲ. ಇದ್ದ ಆ್ಯಪ್, ಲಾಗಿನ್ ಎಲ್ಲ ಅಳಿಸಿಹೋಗುತ್ತವೆ, ದೋಷ ಎಲ್ಲಿತ್ತೆಂಬುದೂ ತಿಳಿಯದೇ ಹೋಗುತ್ತದೆ. ವಯಸ್ಸಾದವರ ಮನೆಯಲ್ಲಂತೂ ಹಳೆಯ ಪಾಸ್‌ವರ್ಡ್ ಹುಡುಕುವುದೇ ಒಂದು ದಿನದ ಕೆಲಸ.

ಮೊದಲು ಕರೆಂಟಿನ ಕಡೆ ನೋಡಿದೆ. ಡಬ್ಬಿಯ ವೈರನ್ನು ಟಿವಿಯ ಯುಎಸ್‌ಬಿ ಕಿಂಡಿಗೇ ಸಿಕ್ಕಿಸಿದ್ದರು. ಹಳೆಯ ಟಿವಿಗಳ ಆ ಕಿಂಡಿ ಕೊಡುವುದು ಸಾಮಾನ್ಯವಾಗಿ ಅರ್ಧ ಆಂಪಿಯರ್, ಡಬ್ಬಿ ಕೇಳುವುದು ಅದರ ದುಪ್ಪಟ್ಟು, ಇಲ್ಲವೇ ಇನ್ನೂ ಹೆಚ್ಚು. ಅದರ ಅಡಾಪ್ಟರ್ ಶೋಕೇಸಿನ ಡ್ರಾಯರ್‌ನಲ್ಲಿ ಪ್ಲಾಸ್ಟಿಕ್ ಸಮೇತ ಹಾಗೇ ಇತ್ತು. ಗೋಡೆಯ ಪ್ಲಗ್ಗಿಗೆ ಹಾಕಿದೆ. ಡಬ್ಬಿ ಚುರುಕಾಯಿತು, ದೋಷ ಮಾತ್ರ ಹೋಗಲಿಲ್ಲ. ಆಮೇಲೆ ಗೋಡೆಯ ಮೇಲೆ ಅನುಮಾನ ಬಂತು. ಇಲ್ಲಿನ ಹಳೇ ಮನೆಗಳದ್ದು ದಪ್ಪ ಚಿರೇಕಲ್ಲಿನ ಗೋಡೆ. ಐದು ಗಿಗಾಹರ್ಟ್ಸ್ ವೈಫೈ ಅದನ್ನು ದಾಟಿ ಒಳಕೋಣೆಗೆ ಬರುವಷ್ಟರಲ್ಲಿ ಸೊರಗಿರುತ್ತದೆ. 2.4ಕ್ಕೆ ಬದಲಿಸಿದೆ. ಸಿಗ್ನಲ್ಲಿನ ಗೆರೆಗಳು ತುಂಬಿದವು, ಆಶ್ಚರ್ಯಸೂಚಕ ಹೋಗಲಿಲ್ಲ.

ಇನ್ನು ಉಳಿದದ್ದು ಇಂಟರ್ನೆಟ್ ಕಂಪನಿಯದೋ ಡಬ್ಬಿಯದೋ ಎಂದು ಬೇರ್ಪಡಿಸುವುದು. ಅದಕ್ಕೆ ಸುಲಭದ ದಾರಿ ಮೊಬೈಲಿನ ಹಾಟ್‌ಸ್ಪಾಟ್. ನನ್ನ ಫೋನಿನ ಡೇಟಾಕ್ಕೆ ಡಬ್ಬಿಯನ್ನು ಸೇರಿಸಿದೆ. ಅದೇ ಆಶ್ಚರ್ಯಸೂಚಕ, ಅದೇ ಸಾಲು. ಎರಡು ಬೇರೆ ಬೇರೆ ಕಂಪನಿಗಳ ಇಂಟರ್ನೆಟ್ ಒಟ್ಟಿಗೇ ಕೈಕೊಡುವುದಿಲ್ಲ. ಊನ ಡಬ್ಬಿಯೊಳಗೇ ಇದೆ ಎಂದು ಖಾತ್ರಿಯಾಯಿತು.

ಆಗ ಕಾಕು ಚಹಾ ತಂದಿಟ್ಟು, “ಲಗೂ ಕುಡೀವಾ, ದೀಪಾ ಹಚ್ಚೂ ಹೊತ್ತಾತು” ಎಂದರು. ನಾನು ಟಿವಿಯ ಮೂಲೆ ನೋಡಿದೆ. 5:52. ಗೋಡೆಯ ಗಡಿಯಾರದಲ್ಲಿ ಆರೂಮುಕ್ಕಾಲು.

“ಕಾಕಾ, ಟಿವಿಯ ಟೈಮು ಹಿಂದಿದೆಯಲ್ಲ?”

“ಹೌದವಾ, ಮೊನ್ನಿಂದ ಅದು ಹಿಂಗಽ. ಒಮ್ಮೊಮ್ಮೆ ಆರ್ಸಿ ಹಚ್ಚಿದ್ರ ಐದೂವರಿಂದಽ ಚಾಲೂ ಆಕ್ಕೈತಿ.”

ಐದೂವರೆ! ಕೈಯಲ್ಲಿದ್ದ ಚಹಾ ಕೆಳಗಿಟ್ಟು ಸೆಟ್ಟಿಂಗಿಗೆ ಹೋಗಿ ತಾರೀಖು ತೆಗೆದೆ. 1970ರ ಜನವರಿ 1.

ಕಂಪ್ಯೂಟರ್ ಲೋಕದಲ್ಲಿ ಆಂಡ್ರಾಯ್ಡ್ ಮುಂತಾದವು ಕಾಲವನ್ನು ಎಣಿಸುವುದು 1970ರ ಜನವರಿ 1ರ ಗ್ರೀನ್‌ವಿಚ್ ಮಧ್ಯರಾತ್ರಿಯಿಂದ. ಸಮಯವೇ ಗೊತ್ತಿಲ್ಲದ ಯಂತ್ರ ಸೊನ್ನೆಯಿಂದ ಆರಂಭಿಸುತ್ತದೆ. ಭಾರತದ ಸಮಯ ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದೆ, ಹಾಗಾಗಿ ನಮ್ಮ ಪರದೆಯ ಮೇಲೆ ಆ ಸೊನ್ನೆ ಬೆಳಗಿನ 5:30 ಆಗಿ ಕಾಣುತ್ತದೆ. ಹನ್ನೆರಡು ಗಂಟೆಯ ಲೆಕ್ಕದಲ್ಲಿ ಬೆಳಗು, ಸಂಜೆ ಎಂಬ ಗುರುತೂ ಇಲ್ಲ. ಕಾಕಾ ಟಿವಿ ಹಚ್ಚುವುದು ಸಂಜೆಯೇ. ಅಲ್ಪಸ್ವಲ್ಪ ಹಿಂದೆ ಬಿದ್ದ ಗಡಿಯಾರದಂತೆ ಕಂಡದ್ದು ಅರ್ಧ ಶತಮಾನಕ್ಕೂ ಹಿಂದಿನದಾಗಿತ್ತು.

ತಾರೀಖಿಗೂ ಚಂದನಕ್ಕೂ ಏನು ಸಂಬಂಧ ಎಂದು ಕಾಕಾ ಕೇಳಿದರು, ನ್ಯಾಯವಾದ ಪ್ರಶ್ನೆ. ಈಗಿನ ಆ್ಯಪ್‌ಗಳೆಲ್ಲ ತಮ್ಮ ಸರ್ವರ್‌ಗೆ ಸೇರುವ ಮುನ್ನ ಅದರ ಪ್ರಮಾಣಪತ್ರ ನೋಡುತ್ತವೆ. ಆ ಪತ್ರದ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಬರೆದಿರುತ್ತದೆ. “ಕಾಕಾ, ಮುಂದಿನ ತಿಂಗಳ ತಾರೀಖಿನ ಟಿಕೆಟ್ ಹಿಡಿದು ಇವತ್ತೇ ಹುಬ್ಬಳ್ಳಿ ಗಾಡಿ ಹತ್ತಿದರೆ ಟಿಸಿ ಕೂರಲು ಬಿಡುತ್ತಾನಾ? ಡಬ್ಬಿ ಈಗ ಆ ಟಿಸಿ ಕೆಲಸ ಮಾಡ್ತಾ ಇದೆ. ಅದರ ಲೆಕ್ಕದಲ್ಲಿ ಇವತ್ತು 1970, ಪತ್ರಗಳೆಲ್ಲ ಮುಂದಿನ ಕಾಲದವು” ಎಂದೆ. “ಹಂಗಂದ್ರ ಡಬ್ಬಿ ಸತ್ತಿಲ್ಲ, ಎಚ್ಚರ ತಪ್ಪೈತಿ” ಎಂದರು ಕಾಕಾ. ಅದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಇಷ್ಟು ದಿನ ಸರಿಯಿದ್ದದ್ದು ಈಗಲೇ ಯಾಕೆ ತಪ್ಪಿತು? ಅಗ್ಗದ ಡಬ್ಬಿಗಳಲ್ಲಿ ಗಡಿಯಾರಕ್ಕೆಂದು ಪ್ರತ್ಯೇಕ ಬ್ಯಾಟರಿ ಇರುವುದಿಲ್ಲ. ಕರೆಂಟು ಪೂರ್ತಿ ಹೋದರೆ ಸಮಯ ಮರೆತುಹೋಗುತ್ತದೆ. ಮತ್ತೆ ಇಂಟರ್ನೆಟ್ ಸಿಕ್ಕಾಗ ಅಲ್ಲಿಂದ ಕೇಳಿ ಸರಿಮಾಡಿಕೊಳ್ಳಬೇಕು. ಈ ಡಬ್ಬಿಯಲ್ಲಿ ಹಾಗೆ ಕೇಳುವ ‘ಸ್ವಯಂಚಾಲಿತ ಸಮಯ’ ಆರಿತ್ತು. ಯಾರೋ ಕೈಯಿಂದ ತಾರೀಖು ಹಾಕಿಟ್ಟಿದ್ದರು. ಮನೆಯ ಇನ್ವರ್ಟರ್ ಇಷ್ಟು ದಿನ ಅದನ್ನು ಕಾಪಾಡಿತ್ತು. ಆ ವಾರ ಗಾಳಿಮಳೆಗೆ ತೆಂಗಿನ ಮರ ಬಿದ್ದು ತಂತಿ ಕಡಿದು, ಇಡೀ ರಾತ್ರಿ ಕರೆಂಟ್ ಇರಲಿಲ್ಲ. ಇನ್ವರ್ಟರ್ ಬ್ಯಾಟರಿಯೂ ಬರಿದಾಯಿತು.

ತಾರೀಖು ಸರಿಪಡಿಸಿ, ಸ್ವಯಂಚಾಲಿತ ಸಮಯವನ್ನೂ ಆನ್ ಮಾಡಿದೆ. ಆಶ್ಚರ್ಯಸೂಚಕ ಮಾಯವಾಯಿತು. ಪ್ಲಗ್ ಕಿತ್ತು ಮತ್ತೆ ಹಾಕಿ ಪರೀಕ್ಷಿಸಿದೆ. ಮೂಲೆಯಲ್ಲಿ ಒಂದು ಕ್ಷಣ 5:30 ಮಿನುಗಿ, ಕಣ್ಣೆದುರೇ ಸರಿಯಾದ ಹೊತ್ತಿಗೆ ಜಿಗಿಯಿತು. ಚಂದನ ಒತ್ತಿದ್ದೇ ಚಿತ್ರ ಬಂತು. ಕಾಕು ಸೆರಗಿನಿಂದ ಟಿವಿಯ ಗಾಜು ಒರೆಸಿದರು.

ನಡುನಡುವೆ ಚಿತ್ರ ನಿಲ್ಲುತ್ತಿತ್ತು. ನೇರ ಪ್ರಸಾರ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ. ಸಿನಿಮಾದಂತೆ ಬಹಳ ಮುಂದಿನದನ್ನು ಮೊದಲೇ ತುಂಬಿಟ್ಟುಕೊಳ್ಳಲು ಆಗದು. ಗುಣಮಟ್ಟವನ್ನು 480ಕ್ಕೆ ಇಳಿಸಿ, ಡಬ್ಬಿಯ ತುಂಬಿದ ಜಾಗ ತೆರವು ಮಾಡಿದೆ.

ಜಾಗ ತೆರವು ಮಾಡುವಾಗ ಕಂಡದ್ದೊಂದು ನನ್ನನ್ನು ಕಳವಳಗೊಳಿಸಿತು. ‘ಎಲ್ಲ ಚಾನೆಲ್ ಫ್ರೀ’ ಎನ್ನುವ, ಪ್ಲೇ ಸ್ಟೋರಿನಿಂದ ಬಾರದ ಆ್ಯಪ್ ಅದರಲ್ಲಿತ್ತು. ಓಣಿಯ ಹುಡುಗನೊಬ್ಬ ಪೆನ್‌ಡ್ರೈವಿನಿಂದ ಹಾಕಿಕೊಟ್ಟನಂತೆ. ಹಣ ಕೊಟ್ಟು ನೋಡುವ ವಾಹಿನಿಗಳನ್ನು ಕದ್ದು ತೋರಿಸುವ ಇಂಥವು ಇವತ್ತಿದ್ದರೆ ನಾಳೆ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ ಬೇರೆಯೇ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ‘ಬ್ಯಾಡ್‌ಬಾಕ್ಸ್ 2.0’ ಎಂಬ ಸೋಂಕಿತ ಸಾಧನಗಳ ಜಾಲದ ಬಗ್ಗೆ ಎಚ್ಚರಿಸಿದ್ದು ಇಂಥದ್ದಕ್ಕೇ: ಸ್ಟ್ರೀಮಿಂಗ್ ಡಬ್ಬಿಯಂಥ ಸಾಧನಗಳು ಕಾರ್ಖಾನೆಯಿಂದಲೇ ಸೋಂಕು ಹೊತ್ತು ಬರಬಹುದು, ಇಲ್ಲವೇ ಅಧಿಕೃತವಲ್ಲದ ಆ್ಯಪ್ ಹಾಕಿದಾಗ ಅಂಟಬಹುದು. ಆಮೇಲೆ ನಮ್ಮ ಮನೆಯ ಇಂಟರ್ನೆಟ್ಟನ್ನು ಯಾರೋ ತಮ್ಮ ಕಳ್ಳದಂಧೆಗೆ ಬಳಸುತ್ತಾರೆ. ಕಾಕಾ ಪೆನ್ಷನ್ ವ್ಯವಹಾರ ಮಾಡುವ ಫೋನೂ ಅದೇ ವೈಫೈಯಲ್ಲಿದೆ. ಕೇಳಿ, ಒಪ್ಪಿಗೆ ಪಡೆದು, ಆ ಆ್ಯಪ್ ತೆಗೆದುಹಾಕಿದೆ. ಸೆಟ್ಟಿಂಗಿನಲ್ಲಿ ಭಾಷೆ ಕನ್ನಡ ಮಾಡಿಟ್ಟೆ. ‘ದಿನಾಂಕ ಮತ್ತು ಸಮಯ’ ಎಲ್ಲಿದೆ ಎಂದು ಕಾಕಾರೇ ರಿಮೋಟ್ ಹಿಡಿದು ಹುಡುಕಿ ತೆಗೆದರು.

ನನಗೆ ಸಿಟ್ಟಿರುವುದು ಆ ‘ನೆಟ್‌ವರ್ಕ್ ದೋಷ’ ಎಂಬ ಸಾಲಿನ ಮೇಲೆ. ನೆಟ್‌ವರ್ಕ್ ನೆಟ್ಟಗೇ ಇತ್ತು. ಕಂಪ್ಯೂಟರಿನಲ್ಲಿ ತಾರೀಖು ತಪ್ಪಿದ್ದರೆ ಕ್ರೋಮ್ ಬ್ರೌಸರ್ ‘ನಿಮ್ಮ ಗಡಿಯಾರ ಹಿಂದಿದೆ’ ಎಂದೇ ಬಾಯಿಬಿಟ್ಟು ಹೇಳುತ್ತದೆ. ಟಿವಿ ಡಬ್ಬಿಗೂ ಅಷ್ಟು ಹೇಳಲು ಬರಬೇಕು. ಹೇಳದ್ದರಿಂದ ಬಳಸುವವರು ಇಂಟರ್ನೆಟ್ ಕಂಪನಿಗೆ ಫೋನು ಮಾಡುತ್ತಾರೆ, ಅಂಗಡಿಯವನು ಹೊಸ ಡಬ್ಬಿ ಮಾರುತ್ತಾನೆ, ಕೆಡದ ಯಂತ್ರ ಕಸಕ್ಕೆ ಹೋಗುತ್ತದೆ. ಮನೆಯ ಕಂಪ್ಯೂಟರುಗಳ ಒಳಗೆ ಗಡಿಯಾರಕ್ಕೆಂದು ನಾಣ್ಯದಂಥ ಪುಟ್ಟ ಸೆಲ್ ದಶಕಗಳಿಂದ ಇದೆ, ಅದಕ್ಕೇನೂ ದೊಡ್ಡ ಖರ್ಚಿಲ್ಲ. ತಯಾರಿಸುವವರು ಉಳಿಸಿದ ಆ ಕಾಸನ್ನು ಕಾಕಾರಂಥವರು ಸಾವಿರಗಳಲ್ಲಿ ತೆರುವುದು ಅನ್ಯಾಯ.

ಸುದ್ದಿ ಓಣಿಯಲ್ಲಿ ಹರಡಿ, ಮರುದಿನವೇ ಕೆಳಗಿನ ಮನೆಯ ಅಕ್ಕಾರು ಕರೆದರು. ಅವರ ಅಳಿಯ ಅಮೆರಿಕದಿಂದ ತಂದ, ಟಿವಿಗೆ ಸಿಕ್ಕಿಸುವ ಸ್ಟಿಕ್ಕಿನಲ್ಲಿ ಅಲ್ಲಿ ಪುಕ್ಕಟೆ ಬರುತ್ತಿದ್ದ ವಾಹಿನಿಗಳು ಇಲ್ಲಿ ಬರುತ್ತಿರಲಿಲ್ಲ. ಅದು ಊನವೇ ಅಲ್ಲ. ಜಾಹೀರಾತಿನಿಂದ ನಡೆಯುವ ಅಂಥ ಉಚಿತ ಸೇವೆಗಳು ದೇಶ ದೇಶಕ್ಕೆ ಬೇರೆ ಬೇರೆ ಹಕ್ಕು ಪಡೆದಿರುತ್ತವೆ, ಇಂಟರ್ನೆಟ್ ವಿಳಾಸ ನೋಡಿ ಬಾಗಿಲು ತೆರೆಯುತ್ತವೆ. ಅಂಥದ್ದೇ ಒಂದಾದ ಪ್ಲುಟೊ ಟಿವಿ ಭಾರತದಲ್ಲಿ ಸೇವೆ ಕೊಡುವುದೇ ಇಲ್ಲ. ಅಕ್ಕಾರಿಗೆ ಬೇಕಾಗಿದ್ದುದು ಧಾರವಾಡ ಆಕಾಶವಾಣಿ. ಅದು ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಅವರ ಫೋನಿನಲ್ಲೇ ಪುಕ್ಕಟೆ ಸಿಗುತ್ತದೆ. ಅದನ್ನು ಹಾಕಿಕೊಟ್ಟು, ಅವರು ಕೊಟ್ಟ ಶೇಂಗಾ ಹೋಳಿಗೆ ಕಟ್ಟಿಕೊಂಡು ಮನೆಗೆ ಬಂದೆ.