ಹೊಲದ ಶವಕ್ಕೆ ಫಿನಾಯಿಲ್ ಬೇಡ

ಬೇಸಿಗೆಯಲ್ಲಿ ಎರಡು ಮೂರು ದಿನ ಹೊಲದಲ್ಲಿ ಬಿದ್ದಿದ್ದ ಶವ ರಾಯಚೂರಿನಲ್ಲಿ ನಮ್ಮ ಮೇಜಿಗೆ ಬಂದಾಗ ಜೊತೆಗೆ ಫಿನಾಯಿಲ್ ವಾಸನೆಯೂ ಬರುವುದುಂಟು. ಪಂಚನಾಮೆಗೆ ನಿಂತವರು ನಾತ ತಾಳಲಾರದೆ ಸುರಿದಿರುತ್ತಾರೆ. ಮೇ ತಿಂಗಳ ಬಿಸಿಲಿನಲ್ಲಿ ಆ ಕೆಲಸ ಮಾಡುವವರನ್ನು ಬೈಯಲು, ಶವಪರೀಕ್ಷೆ ಮಾಡುವ ವೈದ್ಯನಾದ ನನಗೂ ಮನಸ್ಸಾಗುವುದಿಲ್ಲ. ಆದರೆ ಹುಳುಗಳು ಸತ್ತು ಕೊಚ್ಚಿಹೋದ ಮೇಲೆ ಸಾವಿನ ವೇಳೆ ಹೇಳುವುದು ಹೇಗೆ?

ಮೈ ತಣ್ಣಗಾದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ದೇಹದ ಬಿಸಿ 37 ಡಿಗ್ರಿ, ಹೊರಗೆ 40 ದಾಟಿರುತ್ತದೆ. ಆಗ ನೊಣವೇ ಗತಿ. ಹಸಿರು-ನೀಲಿ ಹೊಳಪಿನ ನೊಣ ಹಗಲಾದರೆ ಕೆಲವೇ ನಿಮಿಷಗಳಲ್ಲಿ ಬಂದು ಕಣ್ಣು, ಮೂಗು, ಬಾಯಿ, ಗಾಯಗಳಲ್ಲಿ ಮೊಟ್ಟೆಯಿಡುತ್ತದೆ. ಆ ಮೊಟ್ಟೆಯೊಡೆದು ಬಂದ ಹುಳುವಿನ ವಯಸ್ಸಿನಿಂದಲೇ ಸತ್ತು ಎಷ್ಟು ಹೊತ್ತಾಯಿತೆಂದು ಅಂದಾಜಿಸುತ್ತೇವೆ. ಅಂಗೈಯಲ್ಲೇ ಹುಳು ಗುಂಪುಗೂಡಿದ್ದರೆ ಅಲ್ಲಿ ಗಾಯವಿತ್ತೇ ಎಂದು ನೋಡಬೇಕು. ತಡೆಯಲು ಕೈಯೊಡ್ಡಿದ ಗಾಯವೂ ಇರಬಹುದು.

ನಾನು ಠಾಣೆಯವರಿಗೆ ಹೇಳುವುದು ಇಷ್ಟು. ದೊಡ್ಡ ಹುಳುಗಳನ್ನು ಆರಿಸಿ, ಅರ್ಧದಷ್ಟನ್ನು ಕುದಿಯುವಂಥ ಬಿಸಿನೀರಿಗೆ ಅರೆನಿಮಿಷ ಹಾಕಿ, ಆಮೇಲೆ ಆಲ್ಕೋಹಾಲ್‌ಗೆ. ಬಿಸಿನೀರಿನಲ್ಲಿ ಹುಳು ನೆಟ್ಟಗೆ ಚಾಚಿಕೊಂಡು ಬಿಳಿಯಾಗಿಯೇ ಉಳಿಯುತ್ತದೆ. ನೇರ ಆಲ್ಕೋಹಾಲ್‌ಗೆ ಬಿದ್ದರೆ ಮುದುಡಿ ಕಪ್ಪಾಗುತ್ತದೆ, ಉದ್ದ ಅಳೆದರೂ ನಂಬುವಂತಿಲ್ಲ. ಸೂಕ್ಷ್ಮದರ್ಶಕದಲ್ಲಿ ಬಾಲದ ತುದಿಯ ಉಸಿರುರಂಧ್ರಗಳನ್ನು ನೋಡಿದರೆ, ಪ್ರತಿಯೊಂದರಲ್ಲೂ ಮೂರು ಸೀಳುಗಳಿದ್ದರೆ ಅದು ಮೂರನೆಯ, ಕೊನೆಯ ಹಂತದ ಹುಳು. ಉಳಿದರ್ಧವನ್ನು ಗಾಳಿಯಾಡುವ ಡಬ್ಬಿಯಲ್ಲಿ ಯಕೃತ್ತಿನ ತುಂಡಿನ ಜೊತೆ ಜೀವಂತ ಕಳುಹಿಸಬೇಕು. ನೊಣವಾಗಿ ಹೊರಬಂದರೆ ಜಾತಿ ತಿಳಿಯುತ್ತದೆ. ಜಾತಿ ತಿಳಿಯದೆ ವಯಸ್ಸಿನ ಲೆಕ್ಕವಿಲ್ಲ. ಬಲಿತ ಹುಳುಗಳು ಶವ ಬಿಟ್ಟು ದೂರ ಹೋಗಿ ಮಣ್ಣಿನಲ್ಲಿ ಕೋಶ ಕಟ್ಟುತ್ತವೆ, ಆದ್ದರಿಂದ ಸುತ್ತಲ ಮಣ್ಣನ್ನೂ ಕೆದಕಿ ನೋಡಬೇಕು. ಇದನ್ನು ಕೇಳಿದಾಗ ಮುಖ ಸಿಂಡರಿಸದ ಹವಾಲ್ದಾರರನ್ನು ನಾನಿನ್ನೂ ಕಂಡಿಲ್ಲ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಹೊಲದಲ್ಲಿ ಸಿಕ್ಕ ಶವ ಎಷ್ಟೋ ಸಲ ಮೊದಲು ಯುಡಿಆರ್ (ಅಸಹಜ ಸಾವಿನ ವರದಿ) ಆಗಿಯೇ ದಾಖಲಾಗುತ್ತದೆ. ಅಪರಾಧವೆಂದು ಗೊತ್ತಾಗುವಷ್ಟರಲ್ಲಿ ಹುಳುಗಳಿರುವುದಿಲ್ಲ. ಹಾಗಾಗಿ ತಜ್ಞರ ದಾರಿ ಕಾಯದೆ ಅಲ್ಲಿರುವ ಪೇದೆಯೇ ಡಬ್ಬಿ ಹಿಡಿಯಬೇಕು, ಜೊತೆಗೆ ಆ ಜಾಗದ ತಾಪಮಾನವನ್ನು ಬರೆದುಕೊಳ್ಳಬೇಕು. ಬಿಸಿ ಹೆಚ್ಚಿದ್ದಲ್ಲಿ ಹುಳು ಬೇಗ ಬೆಳೆಯುತ್ತದೆ; ಹತ್ತಿಹೊಲದ ನೆರಳಿನ ಬಿಸಿಯೂ ಬಯಲಿನ ಬಂಡೆಯ ಬಿಸಿಯೂ ಒಂದಲ್ಲ. ಕೀಟನಾಶಕ ಕುಡಿದ ಅನುಮಾನವಿದ್ದರೆ ಇನ್ನಷ್ಟು ಹುಳುಗಳನ್ನು ರಾಸಾಯನಿಕ ಪರೀಕ್ಷೆಗೆ ಬೇರೆಯಾಗಿಯೇ ತೆಗೆದಿಡಬೇಕು. ಒಳಾಂಗಗಳು ಕೊಳೆತುಹೋಗಿದ್ದರೂ ಹುಳುವಿನ ಮೈಯಲ್ಲಿ ವಿಷ ಸಿಗಬಹುದು.

ಕಟಕಟೆಯಲ್ಲಿ ವಕೀಲರು "ಡಾಕ್ಟರೇ, ಸತ್ತದ್ದು ಎಷ್ಟು ಗಂಟೆಗೆ?" ಎನ್ನುತ್ತಾರೆ. ಗಂಟೆ ಹೇಳಲಾಗದು. ಕತ್ತಲಲ್ಲಿ ನೊಣ ಮೊಟ್ಟೆಯಿಡುವುದು ತೀರಾ ಅಪರೂಪ, ಬೀಗ ಹಾಕಿದ ಮನೆಯೊಳಗೆ ತಡವಾಗಿ ಬರುತ್ತದೆ. ಸತ್ತು ಕನಿಷ್ಠ ಇಷ್ಟು ಹೊತ್ತಾಗಿದೆ ಎಂದಷ್ಟೇ ನಾನು ಹೇಳುತ್ತೇನೆ, ಅವರು ಎಷ್ಟು ಸಲ ತಿರುಗಿಸಿ ಕೇಳಿದರೂ.