ಎಡಗಡೆ ಅವರ ಮಾತು, ಬಲಗಡೆ ನನ್ನ ಮನಸ್ಸು: ನೋಟ್‌ಬುಕ್ ಎಲ್ಲಿಗೆ ಬಂತು?

ನಾನು ಆಪ್ತ ಸಮಾಲೋಚಕಿ. ಸಮಾಲೋಚನೆ ಮುಗಿದ ಮೇಲೆ ನನ್ನೊಳಗೆ ಎದ್ದ ಭಾವನೆಗಳನ್ನು ಬರೆದಿಡುವ ನೋಟ್‌ಬುಕ್ ಈಗ ಒಂದು ರೂಪಕ್ಕೆ ಬಂದಿದೆ. ಮೊದಲು ‘ಸಿಟ್ಟು, ಮರುಕ, ಬೇಸರ’ ಅಂತ ಅಂಕ ಹಾಕುವ ಕಾಲಂ ಇತ್ತು. ಅದನ್ನು ತೆಗೆದೆ. ಯಾರು ಬಂದು ಹೋದರೂ ‘ಮರುಕ’ ಅಂತಲೇ ತುಂಬುತ್ತಿದ್ದೆ. ನಮ್ಮ ಕೆಲಸದಲ್ಲಿ ಅದೇ ಮರ್ಯಾದಸ್ಥ ಉತ್ತರ ಅಲ್ವಾ!

ಈಗ ಎಡಗಡೆ ನೆನಪಿದ್ದಷ್ಟು ಮಾತು, ಬಲಗಡೆ ಆ ಹೊತ್ತಿಗೆ ನನಗೆ ಆಗಿದ್ದು. ಹೆಸರು, ಊರು, ಕೆಲಸ ಬರೆಯುವುದಿಲ್ಲ. ಆಸ್ಪತ್ರೆಗಳಲ್ಲಿ ರೋಗಿಗಳ ಜೊತೆ ಕೂರುವ ಪಾದ್ರಿಗಳ ತರಬೇತಿಯಲ್ಲಿ ಇಂಥದ್ದಕ್ಕೆ ‘ವರ್ಬೇಟಿಮ್’ ಅಂತಾರೆ. ಆ ತರಬೇತಿಗೆ 1925ರಲ್ಲಿ ಅಮೆರಿಕದ ವೂಸ್ಟರ್ ಮನೋರೋಗ ಆಸ್ಪತ್ರೆಯಲ್ಲಿ ಬುನಾದಿ ಹಾಕಿದ ಆಂಟನ್ ಬಾಯ್ಸನ್, ಸ್ವತಃ ಮಾನಸಿಕ ರೋಗಿಯಾಗಿ ಆಸ್ಪತ್ರೆಯಲ್ಲಿ ಇದ್ದು ಬಂದವರು.

ಒಂದು ಪುಟ, ವಿವರ ಬದಲಿಸಿ:

ಅವರು: ‘ಮಗ ಫೋನೇ ಎತ್ತಲ್ಲ.’
ಬಲಗಡೆ: ‘ಕೆಲಸದಲ್ಲಿ ಇರಬಹುದು ಬಿಡಿ ಅಂಕಲ್’ ಅಂತ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಹೆಗಲು ಬಿಗಿ. ಗಡಿಯಾರ ನೋಡಿದೆ.

ಮೇಲ್ವಿಚಾರಕಿ ಮೇಡಂ ಇದನ್ನು ಓದಿ, ‘ಯಾರ ಪರ ವಕಾಲತ್ತು ಇದು?’ ಅಂದರು. ಮಗನ ಪರ. ಎದುರಿಗೆ ಕೂತವರ ನೋವಿಗೆ ಮಿಡಿಯುವುದು ಒಂದು ಬಗೆ. ಅವರ ಬದುಕಿನಲ್ಲಿರುವ ಇನ್ನೊಬ್ಬರ ಜಾಗಕ್ಕೆ ನಮಗೆ ಗೊತ್ತಿಲ್ಲದೆ ಜಾರುವುದು ಇನ್ನೊಂದು ಬಗೆ. ಅರ್ಜೆಂಟೀನಾದ ಮನೋವಿಶ್ಲೇಷಕ ಹೈನ್ರಿಚ್ ರಾಕರ್ ಇವೆರಡನ್ನೂ ಬೇರ್ಪಡಿಸಿ ತೋರಿಸಿದ್ದಾರೆ. ಆ ಹಿರಿಯರ ಮಾತಿನಿಂದ ತಪ್ಪಿಸಿಕೊಳ್ಳಬೇಕು ಅನ್ನಿಸಿದ್ದು ನನಗೆ. ಮನೆಯಲ್ಲಿ ಮಗನಿಗೂ ಹಾಗೇ ಅನ್ನಿಸುತ್ತಿರಬಹುದೇ? ಮುಂದಿನ ಸಲ, ಫೋನ್ ಎತ್ತಿದಾಗ ಇಬ್ಬರ ಮಾತು ಹೇಗೆ ಸಾಗುತ್ತದೆ ಅಂತ ಕೇಳಿದೆ. ಆಮೇಲೆ ಬಹಳ ಹೊತ್ತು ಅದೇ ಮಾತಾಯಿತು.

1910ರಲ್ಲಿ ಫ್ರಾಯ್ಡ್, ಎದುರಿಗೆ ಕೂತವರಿಂದಾಗಿ ಕೇಳುವವರಲ್ಲಿ ಏಳುವ ಇಂಥ ಭಾವನೆಗಳನ್ನು, ಅಂದರೆ ‘ಕೌಂಟರ್‌ಟ್ರಾನ್ಸ್‌ಫರೆನ್ಸ್’ ಅನ್ನು ವೈದ್ಯ ಗುರುತಿಸಿ ಮೀರಬೇಕಾದ ಅಡ್ಡಿ ಅಂದರು. 1950ರಲ್ಲಿ ಮನೋವಿಶ್ಲೇಷಕಿ ಪೌಲಾ ಹೈಮನ್ ಅದನ್ನೇ ರೋಗಿಯನ್ನು ಅರಿಯುವ ಸಾಧನ ಅಂದರು. ನಾನು ಹೈಮನ್ ಕಡೆ, ಆದರೆ ಪೂರ್ತಿ ಅಲ್ಲ. ಹೊಟ್ಟೆ ಹಸಿದರೂ ಗಡಿಯಾರ ನೋಡುತ್ತೇವೆ.

ಈಗಿನ ತಲೆನೋವು ಬೇರೆ. ಕಿರಿಕಿರಿ ಮಾಡುವವರ ಪುಟದಲ್ಲಿ ಬಲಗಡೆ ತುಂಬಿ ತುಳುಕುತ್ತದೆ. ‘ನಿಮ್ಮ ಹತ್ರ ಮಾತಾಡಿದ್ರೆ ಹಗುರ ಆಗತ್ತೆ ಮೇಡಂ’ ಅನ್ನುವವರ ಪುಟದಲ್ಲಿ ಬಲಗಡೆ ಖಾಲಿ. ಹೊಗಳಿಸಿಕೊಂಡಾಗ ನನ್ನನ್ನೇ ನೋಡಿಕೊಳ್ಳುವುದು ನಿಂತುಬಿಡುತ್ತದೆ, ಸಿಟ್ಟಿಗಿಂತ ಇದೇ ಜಾಸ್ತಿ ಅಪಾಯ ಅನ್ನಿಸುತ್ತಿದೆ. ಅದಕ್ಕೆ ಮಾತು ಮುಗಿದ ಸಮಯವನ್ನೂ ಬರೆಯಲು ಶುರು ಮಾಡಿದ್ದೇನೆ. ಯಾರಿಗೆ ಸುಮ್ನೆ ಹತ್ತು ನಿಮಿಷ ಜಾಸ್ತಿ ಕೊಡುತ್ತೇನೆ ಅಂತ ಗೊತ್ತಾಗಲಿ. ಮೇಲ್ವಿಚಾರಕಿ ಮೇಡಂ ಮುಂದಿನ ಭೇಟಿಗೆ ಖಾಲಿ ಪುಟಗಳನ್ನಷ್ಟೇ ತರಲು ಹೇಳಿದ್ದಾರೆ.