ಬಿಗಿ ಡಬ್ಬಿಯೊಳಗೆ ಹುಳು ಎಲ್ಲಿಂದ ಬಂತು?

ಸಂಕ್ರಾಂತಿಗೆ ಊರಿಂದ ತಂದ ಅಲಸಂದೆ ಡಬ್ಬಿಯನ್ನು ಮೊನ್ನೆ ತೆಗೆದೆ. ಮುಚ್ಚಳದ ತುಂಬಾ ಕಂದು ಹುಳುಗಳು. ಕೈ ಹಾಕಿದರೆ ಕಾಳು ಬೆಚ್ಚಗಿತ್ತು. ಐದು ಕೆಜಿ, ಅಮ್ಮ ಬಿಸಿಲಲ್ಲಿ ಕೂತು ಬಡಿದು, ಕೇರಿ, ಆರಿಸಿ ಕೊಟ್ಟಿದ್ದು. ಹೊಟ್ಟೆ ಉರಿದುಹೋಯಿತು.

ಇಷ್ಟು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹುಳು ಹೇಗೆ ಬಂತು ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಅದು ಆಮೇಲೆ ಬಂದಿದ್ದಲ್ಲ. ಹೊಲದಲ್ಲಿ ಕಾಯಿ ಬಲಿತು ಒಣಗುವಾಗಲೇ ಹುಳು ಮೊಟ್ಟೆ ಇಟ್ಟಿರುತ್ತದೆ, ಮರಿ ಕಾಳಿನೊಳಗೆ ಕೂತು ನಮ್ಮ ಜೊತೆಗೇ ಮನೆಗೆ ಬರುತ್ತದೆ. ಅರ್ಧ ತುಂಬಿದ ಡಬ್ಬಿಯಲ್ಲಿ ಅದಕ್ಕೆ ಬೇಕಾದಷ್ಟು ಗಾಳಿಯೂ ಇರುತ್ತದೆ.

ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿ. ಸುಣ್ಣ ಸಿಡಿದ ಹಾಗೆ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದೇ ಮೊಟ್ಟೆ. ಅದರ ಅಡಿಯಿಂದಲೇ ಮರಿ ಒಳಗೆ ಕೊರೆದು ಹೋಗುತ್ತದೆ, ಒಳಗೇ ತಿಂದು ಬೆಳೆದು, ಮೂರ್ನಾಲ್ಕು ವಾರದಲ್ಲಿ ಸಿಪ್ಪೆಯನ್ನು ದುಂಡಗೆ ಕತ್ತರಿಸಿ ಹೊರಗೆ ಬರುತ್ತದೆ. ಹೊರಗೆ ಬಂದ ಹುಳು ಕಾಳು ತಿನ್ನುವುದೇ ಇಲ್ಲ! ಮೊಟ್ಟೆ ಇಡೋದಷ್ಟೇ ಅದರ ಕೆಲಸ, ಒಂದು ಹೆಣ್ಣು ನೂರರ ಹತ್ತಿರ ಇಡಬಲ್ಲದು. ಅದಕ್ಕೇ ಕಣ್ಣಿಗೆ ಕಾಣೋ ಹುಳುಗಳನ್ನು ಸುಮ್ನೆ ಕೇರಿ ಬಿಸಾಕಿ ಡಬ್ಬಿ ಮುಚ್ಚಿದರೆ ತಿಂಗಳೊಳಗೆ ಮತ್ತೆ ಅದೇ ಕಥೆ.

ಏನು ಮಾಡಬೇಕೋ ಅದನ್ನು ಕಾಳು ಮನೆಗೆ ಬಂದ ವಾರವೇ ಮಾಡಬೇಕು. ಕಡಿದರೆ ಕಟ್ ಅನ್ನುವಷ್ಟು ಒಣಗಲಿ, ಎರಡು ಮೂರು ದಿನ ಸುಡುಬಿಸಿಲಲ್ಲಿ ತೆಳ್ಳಗೆ ಹರಡಿ. ಪೂರ್ತಿ ಆರಿದ ಮೇಲೆ ತುಂಬಿ, ಬಿಸಿ ಇದ್ದಾಗ ತುಂಬಿದರೆ ಡಬ್ಬಿ ಬೆವರುತ್ತದೆ. ತುಂಬುವ ಮುಂಚೆ ಕೆಜಿಗೆ ಒಂದು ಚಿಕ್ಕ ಚಮಚ ಹರಳೆಣ್ಣೆಯೋ ಕಡಲೆಕಾಯಿ ಎಣ್ಣೆಯೋ ಹಾಕಿ ಪ್ರತಿ ಕಾಳಿಗೂ ಹತ್ತುವ ಹಾಗೆ ಕೈಯಲ್ಲಿ ಸವರಿ. ಎಣ್ಣೆ ಮೆತ್ತಿದ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಆದರೆ ಆಗಲೇ ಒಳಗೆ ಹೊಕ್ಕ ಮರಿಗೆ ಎಣ್ಣೆ ಏನೂ ಮಾಡಲ್ಲ, ಅದಕ್ಕೇ ಮೊದಲು ಬಿಸಿಲು ಬೇಕು ಅನ್ನೋದು. ಬಿಸಿಲು ಬೀಳದ ಅಪಾರ್ಟ್‌ಮೆಂಟಾದರೆ ಕಟ್ಟಿದ ಕವರಿನಲ್ಲೇ ಒಂದು ವಾರ ಫ್ರೀಜರ್‌ನಲ್ಲಿಡಿ. ತೆಗೆದ ಕೂಡಲೇ ಬಿಚ್ಚಬೇಡಿ, ತಣ್ಣಗಿರುವ ಕಾಳಿಗೆ ನೀರು ಕೂರುತ್ತದೆ.

ಅಜ್ಜಿ ಹುರುಳಿ ಗುಡಾಣದ ಬಾಯಿಗೆ ನಾಲ್ಕು ಬೆರಳು ಒಣ ಮರಳು ಸುರಿಯುತ್ತಿದ್ದಳು. ಬಿತ್ತನೆ ತೊಗರಿಗೆ ಕೆಮ್ಮಣ್ಣು ಕಲಸಿ ಸವರಿ ಒಣಗಿಸುತ್ತಿದ್ದಳು. ಊಟದ ತೊಗರಿಯನ್ನು ಬೇಗ ಬೇಳೆ ಮಾಡಿಡೋಳು, ಬೇಳೆಗಿಂತ ಇಡೀ ಕಾಳಿಗೇ ಈ ಹುಳುವಿನ ಕಾಟ ಜಾಸ್ತಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಗೋದಾಮಿನಲ್ಲಿ ಕಾಳಿಗೆ ಇಡೋ ಮಾತ್ರೆಯನ್ನು ಮನೆಗೆ ತರಲೇಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ವಿಷದ ಗ್ಯಾಸ್ ಬರುತ್ತದೆ. ಮಕ್ಕಳು ಮಲಗೋ ಮನೆ ಅಲ್ವಾ?

ನಮ್ಮ ಅಲಸಂದೆಯಲ್ಲಿ ಒಂದೂವರೆ ಕೆಜಿ ಉಳಿಯಿತು. ಡಬ್ಬಿಯನ್ನು ಕುದಿಯೋ ನೀರಲ್ಲಿ ತೊಳೆದು, ಮುಚ್ಚಳದ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಹುಳುಗಳನ್ನು ಕಡ್ಡಿಯಿಂದ ಕೆರೆದು ತೆಗೆದು, ಎರಡು ದಿನ ಬಿಸಿಲಿಗೆ ಬೋರಲು ಹಾಕಿದ್ದೇನೆ.